ಕೆಂಪಮ್ಮನ ಕುಂಕುಮದ ಡಬ್ಬಿ

ಭಕ್ತ ಬಂಧುಗಳೇ, ತಾಯಿ ಚಾಮುಂಡಿ ನನ್ನ ಹರಕೆಯನ್ನು ನಡೆಸಿಕೊಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಾದರೆ ಇವನು ಅನುಭವ ಹೇಳಲು ಯಾಕೆ ಕೂತ ಎಂದು ನೀವು ಕೇಳಬಹುದು. ಪೂರ್ತಿ ಓದಿ, ಆಮೇಲೆ ಕೇಳಿ. ನನಗೆ ಬರೆಯಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ನನ್ನ ಮಗಳು ಚಂದ್ರಿ ಬರೆದುಕೊಳ್ಳುತ್ತಿದ್ದಾಳೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಮ್ಮ ಮನೆ ಕೆಸರೆಯಲ್ಲಿ. ನಾನು ಯಾದವಗಿರಿಯ ಒಂದು ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದೆ. ಆ ವರ್ಷ ದಸರಾ ಮುಗಿಯುತ್ತಿದ್ದಂತೆ ನನ್ನ ಹೆಂಡತಿ ಕೆಂಪಮ್ಮನಿಗೆ ಕೆಮ್ಮಿನ ಜೊತೆ ರಕ್ತ ಬಿತ್ತು. ಡಾಕ್ಟರು ಕ್ಷಯ ಎಂದು ಹೇಳಿ ಊರಾಚೆಯ ಆಸ್ಪತ್ರೆಗೆ ಸೇರಿಸಿದರು. ನಾನು ಅಲ್ಲಿಂದ ನೇರವಾಗಿ ಚಾಮುಂಡಿ ಬೆಟ್ಟಕ್ಕೆ ಹೋದೆ. ಅವಳು ವಾಸಿಯಾಗಿ ಮನೆಗೆ ಬಂದರೆ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತೇವೆ ಎಂದು ಹರಕೆ ಹೊತ್ತೆ. ಮಾರನೆಯ ದಿನ ಅವಳಿಗೂ ಹೇಳಿದೆ.

ಚಂದ್ರಿ ಆಗ ಮಿಡ್ಲ್ ಸ್ಕೂಲಿನ ಕೊನೆಯ ಕ್ಲಾಸಿನಲ್ಲಿದ್ದಳು. ಅವಳಿಗೆ ಆಟವೆಂದರೆ ಹುಚ್ಚು. ಕುಂಟೆಬಿಲ್ಲೆ, ಗಜ್ಜುಗ, ಮರಕೋತಿ, ಯಾವುದನ್ನೂ ಬಿಟ್ಟವಳಲ್ಲ. ಅವಳು ಪುಸ್ತಕ ಹಿಡಿದು ಕೂತದ್ದನ್ನು ಮಾತ್ರ ನಾನು ಕಂಡಿಲ್ಲ. ಈ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಶಾಲೆಯಿಂದ ಎರಡು ಸಲ ಹೇಳಿಕಳಿಸಿದ್ದರು. ಪರೀಕ್ಷೆಯಲ್ಲಿ ಫೇಲಾದರೆ ಶಾಲೆ ಬಿಡಿಸಿ ಬಂಗಲೆಯಲ್ಲಿ ಪಾತ್ರೆ ತೊಳೆಯಲು ಸೇರಿಸುವುದೆಂದು ನಾನು ತೀರ್ಮಾನ ಮಾಡಿದ್ದೆ. ಬಂಗಲೆಯ ಅಮ್ಮಾವ್ರಿಗೆ ಮಾತೂ ಕೊಟ್ಟಿದ್ದೆ.

ದಿನಾ ಶಾಲೆ ಬಿಟ್ಟ ಮೇಲೆ ತಾಯಿಗೆ ಗಂಜಿ ಒಯ್ಯುವುದು ಚಂದ್ರಿಯ ಕೆಲಸವಾಗಿತ್ತು. ಮಕ್ಕಳನ್ನು ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಗಂಜಿಯನ್ನು ಆಯಾ ಕೈಗೆ ಕೊಟ್ಟು ಇವಳು ಕಿಟಕಿಯ ಹೊರಗೆ ನಿಲ್ಲಬೇಕು. ನಾನು ಗಿಡಗಳಿಗೆ ನೀರು ಹಾಕಿ ಮುಗಿಸಿ, ಹೊತ್ತು ಮುಳುಗುವ ಮುಂಚೆ ಹೋಗಿ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ ಕಿಟಕಿಯ ಕೆಳಗೆ ಮಣ್ಣಿನಲ್ಲಿ ಗೆರೆ ಎಳೆದುಕೊಂಡು ಒಂಟಿ ಕಾಲಲ್ಲಿ ಕುಣಿಯುತ್ತಿರುತ್ತಿದ್ದಳು. ಕೈ ಬೀಸುವುದು, ತನ್ನಷ್ಟಕ್ಕೆ ಕೂಗುವುದು ಬೇರೆ. ಗೇಟಿನಲ್ಲಿ ನನ್ನನ್ನು ಕಂಡೊಡನೆ ಕಾಲಲ್ಲಿ ಗೆರೆ ಅಳಿಸಿ ಏನೂ ತಿಳಿಯದವಳ ಹಾಗೆ ನಿಲ್ಲುತ್ತಿದ್ದಳು.

ಸಂಕ್ರಾಂತಿಯ ಮಾರನೆಯ ದಿನ ನನಗೆ ತಡೆಯಲಾಗಲಿಲ್ಲ. ಹೆತ್ತವಳು ಒಳಗೆ ರಕ್ತ ಕಾರುತ್ತಿದ್ದಾಳೆ, ಇವಳಿಗೆ ಕುಂಟೆಬಿಲ್ಲೆ. ಹೋದವನೇ ಕೆನ್ನೆಗೆ ಬಾರಿಸಿದೆ. ಕೆಂಪಮ್ಮ ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದಳು.

"ಹೊಡೀಬ್ಯಾಡಿ ಕಣ್ರೀ," ಎಂದಳು. ಉಸಿರು ಸಾಲದೆ ಸ್ವಲ್ಪ ತಡೆದು, "ಆಡ್ಕಳ್ಲಿ ಬುಡಿ," ಎಂದಳು.

ಮಗಳನ್ನು ಹಾಳು ಮಾಡುತ್ತಿರುವವಳೇ ನೀನು ಎಂದು ಆ ರೋಗಿಯ ಮೇಲೂ ರೇಗಿಬಿಟ್ಟೆ.

ಹಣ್ಣು ಬೇಕೇ, ಹಾಲು ಬೇಕೇ ಎಂದರೆ ಕೆಂಪಮ್ಮ ಬೇಡ ಎನ್ನುತ್ತಿದ್ದಳು. ಶುಕ್ರವಾರ ಬಂದರೆ ಬೆಟ್ಟದ ಅರಿಶಿನ ಕುಂಕುಮದ ಪೊಟ್ಟಣ ಮಾತ್ರ ತಪ್ಪದೆ ಬೇಕು. ಹಣೆಗಿಟ್ಟುಕೊಂಡು ತನ್ನ ಪ್ರಾಣಕ್ಕಾಗಿ ಬೇಡಿಕೊಳ್ಳುತ್ತಾಳೆ ಎಂದುಕೊಂಡು, ಒಂದು ವಾರವೂ ಬಿಡದೆ ಬೆಟ್ಟ ಹತ್ತಿ ತಂದುಕೊಟ್ಟೆ.

ಶಿವರಾತ್ರಿ ಕಳೆದು ಎಂಟನೆಯ ದಿನ ಅವಳು ಹೋಗಿಬಿಟ್ಟಳು. ಆಯಾ ಅವಳ ಎರಡು ಸೀರೆ, ಒಂದು ಲೋಟ, ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟಳು. ಡಬ್ಬಿ ತೆರೆದರೆ ನಾನು ತಂದ ಪೊಟ್ಟಣಗಳೆಲ್ಲ ಕಟ್ಟಿದ ದಾರವನ್ನೂ ಬಿಚ್ಚದೆ ಹಾಗೇ ಇದ್ದವು. ಒಂದು ಚಿಟಿಕೆಯನ್ನೂ ಅವಳು ಮುಟ್ಟಿರಲಿಲ್ಲ. ಅವಳಿಗೇ ದೇವಿಯ ಮೇಲೆ ನಂಬಿಕೆ ಇರಲಿಲ್ಲ, ಇನ್ನು ನನಗೆ ಯಾಕೆ ಎನ್ನಿಸಿತು. ಡಬ್ಬಿಯನ್ನು ಅಟ್ಟಕ್ಕೆ ಎಸೆದೆ. ದೇವರ ಗೂಡಿನಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿದೆ. ತೋಟದಲ್ಲಿ ಕೆಲಸ ಮಾಡುವಾಗ ಬೆಟ್ಟ ಕಣ್ಣಿಗೆ ಬಿದ್ದರೆ ಬೆನ್ನು ತಿರುಗಿಸಿಕೊಂಡು ಅಗೆಯುತ್ತಿದ್ದೆ. ಚಂದ್ರಿ ಅಳಲಿಲ್ಲ, ಆಟವನ್ನೂ ಆಡಲಿಲ್ಲ. ಪರೀಕ್ಷೆಗೆ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಹೇಗಾಯಿತು ಎಂದು ನಾನು ಕೇಳಲೂ ಇಲ್ಲ.

ಫಲಿತಾಂಶ ಬಂದ ದಿನ ಅವಳ ಹೆಸರು ತೆಗೆಸಿ, ಅಲ್ಲಿಂದಲೇ ಬಂಗಲೆಗೆ ಬಿಡೋಣವೆಂದು ಶಾಲೆಗೆ ಕರೆದುಕೊಂಡು ಹೋದೆ. ಹೆಡ್ ಮಿಸ್ಟ್ರೆಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಡೀ ಶಾಲೆಗೆ ನಿಮ್ಮ ಮಗಳೇ ಮೊದಲನೆಯವಳು, ಹೆಸರು ತೆಗೆಸುವುದು ಯಾಕೆ ಎಂದರು. ಅದು ಬೇರೆ ಯಾರೋ ಚಂದ್ರಮ್ಮ ಇರಬೇಕು, ಸರಿಯಾಗಿ ನೋಡಿ ತಾಯಿ ಎಂದೆ. ಅವರು ಪಟ್ಟಿಯ ಮೇಲೆ ಬೆರಳಿಟ್ಟು ತಂದೆಯ ಹೆಸರನ್ನೂ ಓದಿದರು. ನನ್ನದೇ ಹೆಸರು. ಮನೆಯಲ್ಲಿ ಯಾರು ಪಾಠ ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ ಎಂದೆ.

"ಅವ್ವಂಗೆ ನಾನೇ ಹೇಳ್ಕೊಡ್ತಿದ್ದೆ," ಎಂದಳು ಚಂದ್ರಿ.

ಆ ದಿನದ ಪಾಠವನ್ನೆಲ್ಲ ಅವಳು ಕಿಟಕಿಯ ಹೊರಗೆ ನಿಂತು ತಾಯಿಗೆ ಒಪ್ಪಿಸುತ್ತಿದ್ದಳಂತೆ. ಮಣ್ಣಿನಲ್ಲಿ ಎಳೆದದ್ದು ನಮ್ಮ ದೇಶದ ನಕ್ಷೆ. ಒಂಟಿ ಕಾಲಲ್ಲಿ ಊರಿಂದ ಊರಿಗೆ ಹಾರಿ ಹೆಸರು ಕೂಗುವುದು. ಕೈ ಬೀಸುತ್ತಿದ್ದರೆ ಅದು ಯಾವುದೋ ರಾಜರ ಯುದ್ಧ. ಶಾಲೆಯ ಮೆಟ್ಟಿಲು ತುಳಿಯದ ಕೆಂಪಮ್ಮ, "ನಂಗೆ ತಿಳೀಲಿಲ್ಲ ಕಣವ್ವ, ಇನ್ನೊಂದ್ಸಲ ಹೇಳು," ಎನ್ನುತ್ತಿದ್ದಳಂತೆ. ಇವಳು ತಡವರಿಸದೆ ಹೇಳುವ ತನಕ ಅವಳಿಗೆ ತಿಳಿಯುತ್ತಲೇ ಇರಲಿಲ್ಲವಂತೆ.

ನನಗೆ ಯಾಕೆ ಹೇಳಲಿಲ್ಲ ಎಂದೆ. ಪಾಸಾದ ಮೇಲೆ ಅಪ್ಪನಿಗೆ ಗೊತ್ತಾಗಲಿ ಎಂದು ಅವ್ವನೇ ಬಾಯಿ ಕಟ್ಟಿದ್ದಳಂತೆ. ಆಮೇಲೆ ಚಂದ್ರಿ ನನ್ನ ಮುಖ ನೋಡಿ, "ನಾನು ಪಾಸಾದ್ರೆ ಬೆಟ್ಟದ ಮೆಟ್ಲಿಗೆಲ್ಲ ಹಚ್ಬೇಕು ಅಂತ ಅವ್ವ ಕುಂಕುಮ ಕೂಡಿಟ್ಟಿದ್ಲು. ಆ ಡಬ್ಬಿ ಎಲ್ಲಪ್ಪ?" ಎಂದಳು.

ಕೇಳಿದವನೇ ಹೆಡ್ ಮಿಸ್ಟ್ರೆಸ್ ಎದುರಿಗೆ ಮಗುವಿನ ಹಾಗೆ ಅತ್ತೆ.

ಆ ಶುಕ್ರವಾರ ಬೆಳಿಗ್ಗೆ ಅಟ್ಟದಿಂದ ಡಬ್ಬಿ ಇಳಿಸಿಕೊಂಡು ಅಪ್ಪ ಮಗಳು ಬೆಟ್ಟಕ್ಕೆ ಹೋದೆವು. ಅವಳು ಅರಿಶಿನ, ನಾನು ಕುಂಕುಮ. ಬಗ್ಗಿ ಬಗ್ಗಿ ಹಚ್ಚುವಾಗ ಬಾಯಿಗೆ ಬಂದಂತೆ ದೇವಿಯನ್ನು ಬೈದೆ. ಇವಳನ್ನು ಪಾಸು ಮಾಡಿಸಿದವಳಿಗೆ ಅವಳನ್ನು ಉಳಿಸಲು ಏನಾಗಿತ್ತು ಎಂದೆ. ದಾರಿಯಲ್ಲಿನ ದೊಡ್ಡ ಬಸವಣ್ಣನ ವಿಗ್ರಹ ದಾಟಿದ ಮೇಲೆ ತಲೆ ಎತ್ತಿ ನೋಡಿದರೆ, ಚಂದ್ರಿ ಒಂಟಿ ಕಾಲಲ್ಲಿ ಮೆಟ್ಟಿಲು ಹಾರುತ್ತಿದ್ದಳು. ತಾಯಿ ಹೋದ ಮೇಲೆ ಅದೇ ಮೊದಲು. ಬಿದ್ದೀಯೆ ಎಂದು ಗದರಲು ಬಾಯಿ ತೆರೆದವನು ಹಾಗೇ ಬಗ್ಗಿ ಮುಂದಿನ ಮೆಟ್ಟಿಲಿಗೆ ಕುಂಕುಮ ಹಚ್ಚಿದೆ. ಆಡಿಕೊಳ್ಳಲಿ ಬಿಡಿ ಎಂದವಳು ನೆನಪಾದಳು.

ಒಂದೇ ಮನೆಯಿಂದ ಎರಡು ಹರಕೆ ಹೋಗಿದ್ದವು. ತಾನು ಬದುಕುವುದಿಲ್ಲವೆಂದು ಕೆಂಪಮ್ಮನಿಗೆ ತಿಳಿದಿತ್ತು. ಅದಕ್ಕೇ ಮಗಳಿಗಾಗಿ ಬೇಡಿದಳು. ತಾಯಿ ಚಾಮುಂಡಿ ಆ ಹೆತ್ತವಳ ಮಾತನ್ನು ನಡೆಸಿಕೊಟ್ಟಳು. ನನ್ನ ದುಃಖ ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಅಂದಿನಿಂದ ನಮ್ಮ ಗೂಡಿನ ದೀಪ ಆರಿಲ್ಲ. ತಾಯೀ, ನಿನಗೆ ಕೈ ಮುಗಿಯುತ್ತೇನೆ. ಚಂದ್ರಿ ಈಗ ಶಾಲೆಯಲ್ಲಿ ಟೀಚರು.

ಇಷ್ಟನ್ನೂ ಬರೆದುಕೊಂಡು ಅವಳು ನನಗೆ ಓದಿ ಹೇಳಿದಳು. ಎಲ್ಲ ಸರಿಯಾಗಿಯೇ ಇತ್ತು. ಆದರೂ, ತಿಳೀಲಿಲ್ಲ ಕಣವ್ವ, ಇನ್ನೊಂದ್ಸಲ ಓದು ಎಂದೆ.