ಮೂರು ಜೊತೆ ಕಾಲುಚೀಲದ ಸ್ಕೀ ರೇಸರ್

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಗಡಿ ತೆರೆದ ಮರುವರ್ಷದ ಚಳಿಗಾಲ. ಕ್ರೈಸ್ಟ್‌ಚರ್ಚ್ ನಗರದ ಹಾರ್ನ್‌ಬಿ ಬಡಾವಣೆಯ ಒಂದು ಸ್ಕೀ ವರ್ಕ್‌ಶಾಪಿನಲ್ಲಿ ನಾನು ಹಿರಿಯ ಬೂಟ್ ಫಿಟ್ಟರ್ ಆಗಿದ್ದೆ. ಹಿಮದ ಮೇಲೆ ಜಾರುವವರ ಪಾದಕ್ಕೆ ಬೂಟು ಹೊಂದಿಸಿಕೊಡುವ ಕೆಲಸ. ಫಿಸಿಯೊಥೆರಪಿ ಓದಲು ಬಂದವನು, ಪಾರ್ಟ್‌ಟೈಮ್ ಎಂದು ಸೇರಿ ಅಲ್ಲೇ ಬೇರುಬಿಟ್ಟೆ. ಊರಿನ ನೆಂಟರ ಲೆಕ್ಕದಲ್ಲಿ ನಾನು ಈಗಲೂ ಚಪ್ಪಲಿ ಅಂಗಡಿಯವನೇ. ಇರಲಿ.

ಒಂದು ಬೆಳಿಗ್ಗೆ ಜೂನಿಯರ್ ಕೋಚ್ ಕ್ರೇಗ್ ಫೋನ್ ಮಾಡಿದ. ಅವನ ಗುಂಪಿನಲ್ಲಿ ಇಂಚರ ಎಂಬ ಹದಿನೈದರ ಹುಡುಗಿ ಇದ್ದಳು. ಅಪ್ಪ ಅಮ್ಮ ಹುಬ್ಬಳ್ಳಿಯವರು, ಅವಳು ಇಲ್ಲೇ ಹುಟ್ಟಿದವಳು. ಅವಳ ಸ್ಪರ್ಧೆ ಸ್ಲಾಲಮ್. ಒತ್ತೊತ್ತಾಗಿ ನೆಟ್ಟ ಕಂಬಗಳ ನಡುವೆ ಎಡಬಲ ತಿರುಗುತ್ತ ಇಳಿಯಬೇಕು. ಎರಡು ಸಲ ಇಳಿದ ಸಮಯ ಕೂಡಿಸಿ ಫಲಿತಾಂಶ. ಸೀಸನ್ ಕೊನೆಯ ರೇಸಿನಲ್ಲಿ ಮೊದಲ ಆರು ಹುಡುಗಿಯರು ಪ್ರಾಂತ್ಯದ ತಂಡಕ್ಕೆ ಹೋಗುತ್ತಾರೆ, ಉಳಿದವರು ಹವ್ಯಾಸದ ಗುಂಪಿಗೆ. ಕ್ರೇಗ್ ಹೇಳಿದ್ದಿಷ್ಟು: "ಇಳಿಜಾರಿನ ಮೇಲುಭಾಗದಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ಕಡಿದಾದ ಜಾಗ ಬಂದ ಕೂಡಲೇ ಹಿಂದಕ್ಕೆ ವಾಲುತ್ತಾಳೆ. ಭಯ ಅನ್ನಿಸುತ್ತೆ. ಅದನ್ನ ಮನೆಯವರಿಗೆ ಹೇಳೋ ಮುಂಚೆ ಒಂದ್ಸಲ ಬೂಟು ನೋಡಿಬಿಡು."

ಶನಿವಾರ ಮೂವರೂ ಬಂದರು. ಅಪ್ಪ ಬಸವರಾಜ್ ಅವರ ಕೈಯಲ್ಲಿ ಬೂಟು, ಅಮ್ಮ ಶೈಲಾ ಅವರ ಕೈಯಲ್ಲಿ ಚಕ್ಕುಲಿ ಡಬ್ಬ. ಸ್ಕೀ ಬೂಟಿನಲ್ಲಿ ಎರಡು ಭಾಗ: ಹೊರಗೆ ಗಟ್ಟಿ ಪ್ಲಾಸ್ಟಿಕ್ ಶೆಲ್, ಒಳಗೆ ಮೆತ್ತನೆಯ ಲೈನರ್. ನಮ್ಮ ಮೊದಲ ಪರೀಕ್ಷೆ ಎಂದರೆ ಲೈನರ್ ಎಳೆದುಹಾಕಿ, ಬರಿಗಾಲನ್ನು ಶೆಲ್ಲಿನಲ್ಲಿಟ್ಟು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ಎಂದು ಬೆರಳಿಟ್ಟು ನೋಡುವುದು. ರೇಸರ್‌ಗೆ ಒಂದು ಬೆರಳೇ ಹೆಚ್ಚು. ಇಂಚರಳ ಬೂಟಿನಲ್ಲಿ ನನ್ನ ಮೂರು ಬೆರಳು ಆರಾಮಾಗಿ ಹೋದವು.

"ಬೆಳಿಯೋ ಹುಡುಗಿ ಅಲ್ಲೇನ್ರಿ," ಎಂದರು ಬಸವರಾಜ್. "ಎರಡು ಸೈಜ್ ದೊಡ್ಡದು ತಗೊಂಡ್ರ ಮುಂದಿನ ವರ್ಷಕ್ಕೂ ಬರ್ತಾವ ಅಂತ ತಗೊಂಡೆ."

ಸಿಟ್ಟು ಬರಬೇಕಿತ್ತು, ನಗು ಬಂತು. ನನ್ನಪ್ಪನೂ ಸ್ಕೂಲ್ ಶೂಗೆ ಹತ್ತಿ ತುರುಕಿ ಕಳಿಸಿದವರೇ. ಇಲ್ಲಿ ಹತ್ತಿಯ ಬದಲು ಉಣ್ಣೆಯ ಕಾಲುಚೀಲ, ಅದೂ ಮೂರು ಜೊತೆ. "ನಾನೇ ಹೆಣೆದೀನ್ರಿ. ಕಾಲು ಥಂಡಿ ಆದ್ರ ಜ್ವರ ಬರ್ತದ," ಎಂದರು ಶೈಲಾ. ರೇಸರ್‌ಗಳು ಹಾಕುವುದು ಒಂದೇ ಒಂದು ತೆಳು ಕಾಲುಚೀಲ ಎಂದಾಗ ನನ್ನನ್ನು ಕಟುಕನ ಹಾಗೆ ನೋಡಿದರು.

ಆಮೇಲೆ ಹುಡುಗಿಯ ಪಾದ ನೋಡಿದೆ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಬೂಟು ಕಳಚಿ ಎಷ್ಟೋ ಹೊತ್ತಾದರೂ ಬೆರಳುಗಳು ಮಡಚಿಕೊಂಡೇ ಇದ್ದವು. ಪಾದ ಜಾರದಂತೆ ಬೂಟಿನ ತಳವನ್ನು ಬೆರಳುಗಳಲ್ಲಿ ಕಚ್ಚಿ ಹಿಡಿದು ಎರಡು ಸೀಸನ್ ರೇಸ್ ಮಾಡಿದ್ದಾಳೆ! ನೋವಾಗುತ್ತಿರಲಿಲ್ಲವೇ ಎಂದು ಕನ್ನಡದಲ್ಲಿ ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು: ಎಲ್ಲರ ಕಾಲೂ ಹೀಗೇ ಇರುತ್ತೆ ಅಂದುಕೊಂಡಿದ್ದೆ, ಅಂಕಲ್.

ಮೊಣಕಾಲು ಮುಂದಕ್ಕೆ ಒತ್ತಿದರೆ ಬೂಟು, ಬೂಟಿನಿಂದ ಅದಕ್ಕೆ ಕಚ್ಚಿಸಿದ ಸ್ಕೀ ಹಲಗೆ ತಿರುಗಬೇಕು. ಸಡಿಲ ಬೂಟಿನಲ್ಲಿ ಪಾದ ಮೊದಲು ಅಲುಗಾಡಿ, ಸ್ಕೀ ತಡವಾಗಿ ತಿರುಗುತ್ತದೆ. ಆ ತಡವನ್ನು ತುಂಬಿಕೊಳ್ಳಲು ಈ ಹುಡುಗಿ ಎಲ್ಲರಿಗಿಂತ ಮೊದಲೇ, ಎರಡು ಕಂಬ ಮುಂದೆ ನೋಡಿಕೊಂಡು, ತಿರುಗಲು ಶುರುಮಾಡುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಕಡಿದಾದ ಕಡೆ ಮಾತ್ರ ಅಷ್ಟು ವ್ಯವಧಾನ ಸಿಗದೆ ಹಿಂದಕ್ಕೆ ವಾಲುತ್ತಿದ್ದಳು. ಕ್ರೇಗ್‌ಗೆ ಭಯವಾಗಿ ಕಂಡದ್ದು ಅದೇ.

ಕ್ರೇಗ್‌ನ ಸ್ಕೀ ಕ್ಲಬ್ಬಿನ ಕಪಾಟಿನಲ್ಲಿದ್ದ ಸರಿ ಅಳತೆಯ ಬೂಟು ತರಿಸಿ, ಕಣಕಾಲಿಗೆ ಒತ್ತುವ ಕಡೆ ಬಿಸಿಮಾಡಿ ಉಬ್ಬಿಸಿ, ಹೊಂದಿಸಿ ಕೊಟ್ಟೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡರೆ, ನಾನೂ ನೋಡಲು ಹೋಗಿದ್ದ ಮೊದಲ ದಿನದ ತರಬೇತಿಯಲ್ಲೇ ಅನಾಹುತ. ಹಳೆಯ ಅಭ್ಯಾಸದಂತೆ ಅವಳು ಬೇಗ ತಿರುಗುತ್ತಿದ್ದಳು. ಹೊಸ ಬೂಟು ಹೇಳಿದ ತಕ್ಷಣ ಕೇಳುತ್ತಿತ್ತು. ಕಂಬವೇ ಕಾಲುಗಳ ನಡುವೆ ಬರುತ್ತಿತ್ತು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು.

"ಸರ, ಹಳೇ ಬೂಟು ಹಾಕಿಸಿಬಿಡ್ರಿ," ಎಂದರು ಬಸವರಾಜ್. "ರೇಸ್ ಮುಂದಿನ ವಾರ ಐತಿ. ಇದ್ದ ಮರ್ಯಾದಿನೂ ಹೋಗ್ತದ."

ಅವರ ಮಾತು ತಪ್ಪೆನ್ನಲು ನನಗೆ ಧೈರ್ಯ ಬರಲಿಲ್ಲ. ಅಷ್ಟು ಕಡಿಮೆ ಸಮಯದಲ್ಲಿ ಅಭ್ಯಾಸ ಬದಲಾಗುವುದನ್ನು ನಾನು ಕಂಡಿರಲಿಲ್ಲ. ಕ್ರೇಗ್‌ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತಿದ್ದ ಇಂಚರಳ ಮುಂದೆ ಎರಡೂ ಜೊತೆ ಇಟ್ಟು, ನೀನೇ ಹೇಳಮ್ಮ ಎಂದೆ. ಗಲ್ಲದ ಮೇಲಿನ ಹಿಮ ಒರೆಸಿಕೊಂಡು, ಇಂಗ್ಲಿಷಿನಲ್ಲೇ, ತಣ್ಣಗೆ ಹೇಳಿದಳು: "ಹಳೇದ್ರಲ್ಲಿ ಬೀಳಲ್ಲ, ಅಂಕಲ್. ಆದ್ರೆ ಯಾವಾಗಲೂ ಇಷ್ಟೇ ಇರ್ತೀನಿ." ಹೊಸ ಬೂಟಿನ ಬಕಲ್ ಬಿಗಿದುಕೊಂಡು ಮತ್ತೆ ಮೇಲೆ ಹೋದಳು. ಆ ವಾರವೆಲ್ಲ ಬಿದ್ದಳು. ಒಮ್ಮೆಯೂ ಹಳೆಯ ಬೂಟು ಕೇಳಲಿಲ್ಲ.

ರೇಸಿನ ದಿನ ರಜೆ ಹಾಕಿ ಹೋದೆ. ಮೊದಲ ಇಳಿತದಲ್ಲಿ ಎಣಿಸಿ ಹೆಜ್ಜೆಯಿಟ್ಟವಳಂತೆ ಬಂದು ಒಂಬತ್ತನೆಯವಳಾದಳು. ಎರಡನೆಯದರಲ್ಲಿ ಕಡಿದಾದ ಅಂಚಿಗೆ ಬಂದಾಗ ಬಸವರಾಜ್ ಮುಖ ತಿರುಗಿಸಿಕೊಂಡರು. ನಾನು ನೋಡಿದೆ. ಅವಳು ಕಾದಳು. ಒಂದು ಕ್ಷಣ ಕಾದು, ಆಮೇಲೆ ಮುಂದಕ್ಕೆ ಬಾಗಿ, ತನ್ನನ್ನೇ ಇಳಿಜಾರಿಗೆ ಒಪ್ಪಿಸಿಬಿಟ್ಟಳು. ಕಂಬಗಳು ಪಟಪಟ ಬಾಗಿ ಎದ್ದವು. ಕ್ರೇಗ್ ನನ್ನ ಭುಜ ಹಿಂಡಿದ ನೋವು ಎರಡು ದಿನ ಇತ್ತು.

ಐದನೆಯ ಸ್ಥಾನ. ತಂಡಕ್ಕೆ ಆಯ್ಕೆಯಾದಳು.

ಬೂಟು ಕಳಚಿ ಕೂತವಳ ಪಾದ ನೋಡಿದೆ. ಅದು ನನ್ನ ಕಸುಬಿನ ಚಟ. ಬೆರಳುಗಳು ನೆಟ್ಟಗಿದ್ದವು. ಶೈಲಾ ಬೆಳಗಿನಿಂದ ಜಾಕೆಟ್ಟಿನೊಳಗೆ ಬೆಚ್ಚಗಿಟ್ಟುಕೊಂಡಿದ್ದ ಉಣ್ಣೆಯ ಕಾಲುಚೀಲ ತೆಗೆದು, "ಈಗರ ಹಾಕ್ಕೋತೀಯೇನ?" ಎಂದು ಅಳುಕುತ್ತ ಕೇಳಿದರು. ನನ್ನ ಮುಂದೆ ಒಂದು ಸಲವೂ ಕನ್ನಡ ಆಡದಿದ್ದ ಹುಡುಗಿ ಎರಡೂ ಕಾಲು ಅಮ್ಮನ ಮಡಿಲಿಗೆ ಚಾಚಿ, "ಮೂರೂ ಹಾಕಮ್ಮ," ಎಂದಳು.

ಅಂದಿನಿಂದ ಯಾರಾದರೂ ಒಂದು ಮಗುವನ್ನು ಕರೆತಂದು, ಇದಕ್ಕೆ ಭಯ ಜಾಸ್ತಿ ಎಂದರೆ, ನಾನು ಮೊದಲು ಲೈನರ್ ಎಳೆದು, ಹಿಮ್ಮಡಿಯ ಹಿಂದೆ ಬೆರಳಿಟ್ಟು ನೋಡುತ್ತೇನೆ.