ಕಾಲುವೆಯ ಅಧ್ಯಕ್ಷಗಿರಿ

ಇವತ್ತು ಬೆಳಿಗ್ಗೆ ಕಾಲುವೆಗೆ ನೀರು ಬಂತು. ಕಾದ ಎರೆಮಣ್ಣು ನೆನೆದ ವಾಸನೆಗೆ ನಿಮಗೆ ಮಳೆ ನೆನಪಾಗಬಹುದು. ನನಗೆ ನೆನಪಾಗುವುದು ವರ್ಷಗಳ ಹಿಂದಿನ ಒಂದು ಸಭೆ.

ಕಳ್ಳಕವಟಗಿಯಲ್ಲಿ ನನ್ನ ಹೊಲವಿರುವುದು ಕಾಲುವೆಯ ತುದಿಗೆ. ಮೇಲಿನವರು ಬಿಟ್ಟರಷ್ಟೇ ನಮಗೆ ನೀರು. ಹಾಗಾಗಿ ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ಸಭೆಯನ್ನು ನಮ್ಮೂರು ಬಿಟ್ಟು ಬಬಲೇಶ್ವರದ ಕಲ್ಯಾಣಮಂಟಪದಲ್ಲಿ ಕರೆದಾಗಲೇ ನನಗೆ ಸಂಶಯ ಬಂತು. ಸಂಶಯ ನನಗೆ ಹೊಸದೇನಲ್ಲ. ಯಾರಾದರೂ ಮದುವೆಗೆ ಎರಡು ಸಲ ಕರೆದರೆ ಯಾಕಿರಬಹುದೆಂದು ಯೋಚಿಸುವವನು ನಾನು.

ಸಭೆಗೆ ಮುಂಚೆ ರಾಜೇಸಾಬ ಮನೆಮನೆ ತಿರುಗತೊಡಗಿದ. ಅವನಿಗೆ ವಿಜಯಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಕಾಲುವೆಯ ಮೊದಲಲ್ಲೇ ಹೊಲ. ನಮ್ಮ ಮನೆಗೆ ಮಾತ್ರ ಬರಲಿಲ್ಲ.

"ಅಧ್ಯಕ್ಷ ಆಗಾಕ ಓಡ್ಯಾಡಾಕತ್ತಾನ" ಎಂದು ಹೆಂಡತಿಗೆ ಹೇಳಿದೆ.

"ಹೋಗಿ ಕೇಳ್ರಿ ಮತ್ತ."

ಕೇಳಲಿಲ್ಲ. ಕೇಳಿಬಿಟ್ಟರೆ ಸಂಶಯದ ರುಚಿ ಹೋಗುತ್ತದೆ.

ಸಭೆಯಲ್ಲಿ ರಾಜೇಸಾಬ ಎದ್ದು ನನ್ನ ಹೆಸರು ಹೇಳಿದ. ಎಲ್ಲರೂ ಕೈ ಎತ್ತಿದರು. ಇದರ ಹಿಂದೆ ಇನ್ನೂ ದೊಡ್ಡ ಮಸಲತ್ತು ಇರಬೇಕು! ಹೊರಗೆ ಅವನನ್ನು ತಡೆದು ಕೇಳಿದೆ: "ಖರೇ ಹೇಳೋ, ನನ್ನ ಯಾಕ ಮಾಡಿದಿ?"

"ನೀವು ಯಾರನ್ನೂ ನಂಬಂಗಿಲ್ಲಲ್ರಿ ಕಾಕಾ. ಕಾಲುವಿ ಗೇಟ್ ಕಾಯಾಕ ಅಂಥಾವ್ರ ಬೇಕು."

"ಮನಿಗೆ ಬಂದು ಹೇಳಬೇಕಿಲ್ಲ?"

"ಹೇಳಿದ್ರ ನೀವು ಒಪ್ಪತಿದ್ರೇನ್ರಿ?"

ಆಗಲೂ ನಂಬಲಿಲ್ಲ. ನಮ್ಮ ಸರದಿಯ ದಿನ ನಸುಕಿನಲ್ಲೇ ಎದ್ದು ನೇರ ಅವನ ಹೊಲಕ್ಕೆ ನೀರು ಬಿಡುವ ಗೇಟಿಗೆ ಹೋದೆ. ತೆರೆದಿತ್ತು! ನಮಗೆ ಬರಬೇಕಾದ ನೀರು ಅವನ ದ್ರಾಕ್ಷಿಗೆ ಹರಿಯುತ್ತಿತ್ತು. ಸಿಕ್ಕಿಬಿದ್ದನೆಂದು ಒಳಗೊಳಗೇ ಹಿಗ್ಗಿ ಅವನನ್ನು ಕರೆಸಿದೆ. ಬಂದು ನೋಡಿದವನ ಮುಖ ಸಣ್ಣದಾಯಿತು.

"ನನ್ನ ತಮ್ಮ ತಗದಾನ್ರಿ. ಮುಚ್ಚಿಬಿಡ್ರಿ. ನಮ್ಮ ಮುಂದಿನ ಸರದೀನೂ ಬಂದ್ ಮಾಡ್ರಿ, ಎಲ್ಲಾರಿಗೂ ಗೊತ್ತಾಗ್ಲಿ."

ಬಂದ್ ಮಾಡಿದೆ. ಆಮೇಲೆ ಯಾರೂ ಗೇಟು ಮುಟ್ಟಲಿಲ್ಲ. ಆ ವರ್ಷ ತುದಿಯ ಹೊಲಗಳೂ ನೀರು ಕಂಡವು. ಜನ ಹೊಗಳಿದ್ದು ನನ್ನನ್ನು. ಅವನ ದ್ರಾಕ್ಷಿ ಬಾಡಿತು, ತಮ್ಮ ಅವನೊಂದಿಗೆ ಮಾತು ಬಿಟ್ಟ. ರಾಜೇಸಾಬನ ಮೇಲೆ ನಾನು ಸಂಶಯಪಡುವುದನ್ನು ನಿಲ್ಲಿಸಿದ್ದು ಅಂದಿನಿಂದ. ಉಳಿದವರ ವಿಷಯ ಬೇರೆ.

ಈಗ ನನ್ನ ಮೊಣಕಾಲು ಮಾತು ಕೇಳುವುದಿಲ್ಲ. ಅಧ್ಯಕ್ಷಗಿರಿಗೆ ಇನ್ನೊಬ್ಬರನ್ನು ಹುಡುಕುತ್ತ ಇವತ್ತು ಘೋಣಸಗಿಯ ಗಂಗವ್ವನ ಮನೆಗೆ ಹೋಗಿದ್ದೆ. ಅವಳದೂ ತುದಿಯ ಹೊಲವೇ. ನನ್ನನ್ನು ಕಂಡವಳೇ ಬಾಗಿಲಿಗೆ ಅಡ್ಡ ನಿಂತಳು.

"ಸುಮ್ಮ ಬರೂ ಮಂದಿ ಅಲ್ಲ ನೀವು. ಮದಲ ಏನೈತಿ ಹೇಳ್ರಿ, ಆಮ್ಯಾಲ ಒಳಗ ಬರ್ರಿ."

ಅವಳ ಕಟ್ಟೆಯ ಮೇಲೆಯೇ ಕುಳಿತು ರಾಜೇಸಾಬನಿಗೆ ಫೋನು ಹಚ್ಚಿದೆ.

"ಒಬ್ಬಾಕಿ ಸಿಕ್ಕಾಳ ನೋಡೋ," ಎಂದೆ.