ಆಯಿ ಅಂದ್ರ ಯಾರು?

ಜಜ್ಜಬಾಯಿ ಮಂದಿಯ ಮಾತನ್ನು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ವಳಸಂಗದ ಸಾಲಿಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ಹೊರಗೆ ಬಿಸಿಲು ಬಿಳಿ ಅರಿವೆಯ ಹಾಗೆ ಹಾಸಿಕೊಂಡಿರುವ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆಂದರೆ ಹೊಸಬರು ಮಾತು ನಿಲ್ಲಿಸಿಬಿಡುತ್ತಿದ್ದರು. "ಬಾಯಾರಿಗೆ ನಿದ್ದಿ ಹತ್ತಿತು, ಏಳ್ರಿ" ಎಂದು ಯಾರಾದರೂ ಪಿಸುಗುಟ್ಟಿದರೆ ಕಂಬದ ಕಡೆಯಿಂದ ಮೆಲ್ಲಗೆ ದನಿ ಬರುತ್ತಿತ್ತು: "ನಿದ್ದಿ ಹತ್ತಿಲ್ಲ. ನಿಮ್ಮ ಎಮ್ಮಿ ಹೊಲದ ಬಾಂದ ದಾಟಿತು ಅಂದ್ರಿ. ಮುಂದ?"

ನಾನು ಮಾಡಗ್ಯಾಳದ ಕುರಿ ವ್ಯಾಪಾರಿ. ಎದುರಿನವನ ಕಣ್ಣು ನೋಡಿ ದರ ಹೇಳುವವನು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ನಾನು ಹೇಳುವುದು ಒಂದೇ: ಕೊಳ್ಳುವಾಗ ಕುರಿಯ ಹಲ್ಲು ನೋಡ್ರಿ, ಮಾರುವಾಗ ಗಿರಾಕಿಯ ಕಣ್ಣು ನೋಡ್ರಿ. ಹೀಗಿರುವಾಗ ಕಣ್ಣನ್ನೇ ಕೊಡದವರ ಹತ್ತಿರ ವ್ಯವಹಾರ ಮಾಡುವುದು ಹೇಗೆ? ಒಮ್ಮೆ ಕೇಳಿಯೇಬಿಟ್ಟೆ. "ಜೀವಮಾನ ಎಲ್ಲಾ ಕಣ್ಣು ತೆರದ ಕುಂತೀನಪಾ," ಅಂದರು. "ಮಂದಿ ಉಟ್ಟ ಅರಿವಿ ಅಷ್ಟ ಕಾಣ್ತಿತ್ತು. ಈಗ ಬರೇ ಮಾತ ಕೇಳಬೇಕು ಅನಸ್ತದ."

ಮಂದಿ ಜಜ್ಜಬಾಯಿ ಅಂದರೂ ಅವರ ಹೆಸರು ಕಾಶವ್ವ. ತಿಕೋಂಡಿಯ ಕುರಿಗಾರರ ಮಗಳು. ಸಣ್ಣಾಕಿ ಇದ್ದಾಗ ತಂದೆಯ ಕುರಿ ಯಾರದೋ ಹೊಲ ಹೊಕ್ಕಿದ್ದಕ್ಕೆ ಕೇಸಾಯಿತಂತೆ. ತಂದೆಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ; ನಮ್ಮ ಸೀಮೆ ಮಹಾರಾಷ್ಟ್ರದೊಳಗೆ, ಕೋರ್ಟಿನ ಮಾತೆಲ್ಲ ಮರಾಠಿ. "ಅಪ್ಪ ಎಲ್ಲಾದಕ್ಕೂ ಹೂಂ ಅಂದ. ದಂಡಾ ಆತು. ಮನೀಗೆ ಬರೂ ದಾರ್ಯಾಗ ಅವರು ಏನ ಕೇಳಿದ್ರವ್ವಾ ಅಂತ ನನ್ನ ಕೇಳಿದ." ಊರಲ್ಲಿ ಕನ್ನಡ ಸಾಲಿ ಮುಗಿಸಿ, ಜತ್ತದಲ್ಲಿ ಮರಾಠಿ ಸಾಲಿ ಸೇರಿ, ಸಾಂಗಲಿಯಲ್ಲಿ ವಕೀಲಿ ಓದಿದರು. ಪರೀಕ್ಷೆ ಕೊಟ್ಟು ಸಣ್ಣ ಕೋರ್ಟಿನ ಜಜ್ಜಾದರು. ಕೊಂಕಣದ ಮಳೆಯೂರು, ಮರಾಠವಾಡದ ಸುಡುವ ಊರು ಎಲ್ಲ ಸುತ್ತಿ ಜಿಲ್ಲಾ ಜಜ್ಜರಾಗಿ ನಿವೃತ್ತರಾದರು. ಪುಣೆಯಲ್ಲಿ ಫ್ಲ್ಯಾಟು ಹಿಡಿಯಬಹುದಿತ್ತು, ಒಳ್ಳೆ ದರಕ್ಕೂ ಸಿಗುತ್ತಿತ್ತು. ನಾನಾಗಿದ್ದರೆ ಹಿಡಿಯುತ್ತಿದ್ದೆ. ಅವರು ತಿಕೋಂಡಿಯ ಎರಡು ಕೋಣೆಯ ಮನೆಗೆ ಬಂದರು.

ಬಂದವರು ಎಸ್‌ಟಿ ಬಸ್ಸಿನಲ್ಲಿ ಊರೂರು ತಿರುಗತೊಡಗಿದರು. ನ್ಯಾಯ ಹೇಳುತ್ತಿರಲಿಲ್ಲ. ಕೋರ್ಟಿಗೆ ಹೋಗಬೇಕಾದವರನ್ನು ಕೂರಿಸಿಕೊಂಡು ಅವರ ಮಾತನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಎರಡೂ ಒಂದೇ ತೂಕಕ್ಕೆ ಬರುವ ತನಕ ಬಿಡುತ್ತಿರಲಿಲ್ಲ. ಒಂದು ಕಪ್ ಚಹಾ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ.

ನಾನು ಅವರ ಹತ್ತಿರ ಹೋದದ್ದು ನನ್ನ ದೊಡ್ಡಿಯ ಸಲುವಾಗಿ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತನ್ನ ಹೆಸರಿನಲ್ಲಿದ್ದ ಕುರಿದೊಡ್ಡಿಯನ್ನು ಸಾಯುವ ಮುಂದೆ ನನಗೆ ಬರೆದುಕೊಟ್ಟಿದ್ದಳು. ಎರಡು ಕುರಿಯಿಂದ ಅಲ್ಲೇ ನಾನು ವ್ಯಾಪಾರ ಶುರು ಮಾಡಿದ್ದೆ. ಆ ದೊಡ್ಡಿ ಹೋದರೆ ನಾನೂ ಹೋದಂತೆ. ಅದರ ಮೇಲೆ ಅಪ್ಪನ ತಮ್ಮ ಬಿರಪ್ಪ ಕಾಕಾ ದಾವೆ ಹಾಕಿದ. ಅವನೂ ತನ್ನ ಕುರಿಯನ್ನು ಮೊದಲಿಂದ ಅಲ್ಲೇ ಕಟ್ಟುತ್ತಿದ್ದ. ನಾನು ಕಟಕಟೆಯಲ್ಲಿ ನಿಂತು, ನನಗೂ ಮರಾಠಿ ಬರ್ತದ ಎಂಬ ಠೀವಿಯಲ್ಲಿ, "ಆಯಿನಂ ದಿಲಂ", ಆಯಿ ಕೊಟ್ಟಳು, ಅಂದು ಬಂದಿದ್ದೆ. ಕಾಕಾನ ವಕೀಲ ಆ ಮಾತನ್ನೇ ಹಿಡಿದುಕೊಂಡಿದ್ದ. ಯಾಕೆಂದು ನನಗೆ ತಿಳಿದಿರಲಿಲ್ಲ.

ಎಲ್ಲ ಹೇಳಿ ಮುಗಿಸಿದೆ. ಬಾಯಾರು ಕಣ್ಣು ಮುಚ್ಚಿಯೇ ಇದ್ದರು. ದೂರದಲ್ಲಿ ಯಾರದೋ ಹಿಂಡು ಹೋಗುತ್ತಿತ್ತು, ಗಂಟೆಯ ಸಪ್ಪಳ ಕನಸಿನಲ್ಲಿ ಕೇಳಿದ ಹಾಗೆ ಬಂದು ಹೋಯಿತು.

"ಮಾಳಪ್ಪಾ, ಆಯಿ ಅಂದ್ರ ಯಾರು?"

"ಇದೇನ್ ಕೇಳ್ತೀರಿ ಬಾಯಾರ? ಅಪ್ಪನ ಅವ್ವ."

"ನಿನಗ. ಮರಾಠಿ ಮಂದಿಗೆ ಆಯಿ ಅಂದ್ರ ಹಡದಾಕಿ. ಅಪ್ಪನ ಅವ್ವ ಅವರಿಗೆ ಆಜಿ. ನಿಮ್ಮವ್ವ ಕೊಟ್ಟಳು ಅಂತ ಹೇಳಿ ಬಂದೀದಿ. ನಿಮ್ಮವ್ವನ ಹೆಸರಿಗೆ ಆ ಜಾಗಾ ಇತ್ತೇನು?"

ಒಂದು ಮಾತಿನಲ್ಲಿ ದೊಡ್ಡಿಯನ್ನೇ ಮಾರಿಬಿಟ್ಟಿದ್ದೆ. ಕೂಡಲೇ ನನ್ನ ಬುದ್ಧಿಗೆ ಬಂದದ್ದು ಹೇಳಿದೆ: "ಈಗಿನ ಜಜ್ಜ ಸಾಹೇಬ್ರು ನಿಮ್ಮ ಕೈಕೆಳಗ ಇದ್ದವ್ರಂತ. ಒಂದ್ ಫೋನ್ ಮಾಡ್ರಿ."

"ಮಾಡೂದಿಲ್ಲ."

"ಹೋಗ್ಲಿ, ತಾರೀಖಿಗೆ ಬಂದು ಹಿಂದಿನ ಬೆಂಚಿನ ಮ್ಯಾಲ ಕುಂದ್ರಿ. ಮಾತಾಡೂದೇನ್ ಬ್ಯಾಡ."

"ನಾ ಸುಮ್ಮ ಕುಂತರೂ ಅದು ಮಾತಾಡಿದಂಗ."

"ಬಾಗಲದಾಗರ ನಿಂದರ್ರಿ."

ಅವರು ಆಗ ಕಣ್ಣು ತೆರೆದು ನಕ್ಕರು. "ಕುರಿ ದರಾ ಇಳಿಸಿದಂಗ ನನ್ನ ಇಳಸಾಕತ್ತೀಯಲ್ಲೋ. ನಿನ್ನ ಮಾತು, ನೀನ ಹೋಗಿ ತಿದ್ದು. ವಕೀಲಗ ಹೇಳಿ ಇನ್ನೊಮ್ಮಿ ಸಾಕ್ಷಿ ಕೊಡಾಕ ಅರ್ಜಿ ಹಾಕಸು. ಹೂಂ, ಈಗ ಕನ್ನಡದಾಗ ಹೇಳು."

ಅಂದು ಸಂಜೆಯ ತನಕ ಹೇಳಿಸಿದರು. ಮುಂದಿನ ತಾರೀಖಿಗೆ ಕಟಕಟೆಯಲ್ಲಿ ನಿಂತು ನಮ್ಮ ಮಾತಿನ ಆಯಿ ಯಾರು, ಮರಾಠಿಯ ಆಯಿ ಯಾರು ಅಂತ ಬಿಡಿಸಿ ಹೇಳಿದೆ. ತೀರ್ಪು ನನ್ನ ಕಡೆಗಾಯಿತು. ಕಾಕಾ ತನ್ನ ಕುರಿಯನ್ನು ದೊಡ್ಡಿಯಿಂದ ಹೊಡೆದುಕೊಂಡು ಹೋಗಿ, ಅವಕ್ಕೆ ರಸ್ತೆಯ ಬದಿಗೆ ಮುಳ್ಳುಬೇಲಿ ಹಾಕಿದ.

ಬಾಯಾರನ್ನು ಊಟಕ್ಕೆ ಕರೆದೆ. ಒಂದು ದಿನ ಇಳಿಹೊತ್ತಿನಲ್ಲಿ ಬಸ್ಸಿಳಿದು ನಮ್ಮ ಓಣಿಗೆ ಬಂದರು. ಹೆಂಡತಿಗೆ ಹೋಳಿಗೆಗೆ ಹೂರಣ ಅರಿ ಅಂದು ಬಾಗಿಲಿಗೆ ಬಂದೆ. ಅವರು ನನ್ನ ಮನೆ ದಾಟಿ ಕಾಕಾನ ಬೇಲಿಯ ಕಡೆ ನಡೆದರು. ಅಲ್ಲಿ ಕಂಬಳಿಯ ಮೇಲೆ ಕೂತು ಕಣ್ಣು ಮುಚ್ಚಿದರು. ಕಾಕಾ ಏನೋ ಹೇಳುತ್ತಿದ್ದ. ಕುರಿ ಎಬ್ಬಿಸಿದ ಧೂಳು ಹೊಂಬಣ್ಣವಾಗಿ ಇಬ್ಬರ ಸುತ್ತ ತೇಲುತ್ತಿತ್ತು, ಅವರು ಒಮ್ಮೆ ಕಾಣುತ್ತಿದ್ದರು, ಒಮ್ಮೆ ಇಲ್ಲ. ಹೊರಡುವಾಗ ಅಡ್ಡಹಾಕಿ ಕೇಳಿದೆ: "ನಮ್ಮ ಮನಿ ಇತ್ಲಾಗ ಐತಲ್ರಿ ಬಾಯಾರ?"

"ಗೆದ್ದವರ ಮನೀಗೆ ಹೋಗಾಕ ಮಂದಿ ಭಾಳ ಅದಾರ," ಅಂದು ಬಸ್ಸು ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.

ಅವರು ತೀರಿಕೊಂಡಾಗ ತಿಕೋಂಡಿಗೆ ಹೋಗಿದ್ದೆ. ಮಣ್ಣು ಕೊಟ್ಟು ತಿರುಗಿದಾಗ ಬಸ್ಸಿಗಾಗಿ ಕಾಯುತ್ತಿದ್ದ ಕಾಕಾ ಕಂಡ. ಗಾಡಿ ನಿಲ್ಲಿಸಿದೆ, ಹತ್ತಿ ಕೂತ. ಅರ್ಧ ದಾರಿಯಾದ ಮೇಲೆ ಕೇಳಿದೆ:

"ಕಾಕಾ, ಅವತ್ತ ಬಾಯಾರು ನಿನಗ ಏನ್ ಹೇಳಿದ್ರು?"

"ಹೇಳೂದೇನು? ನಿಮ್ಮವ್ವ ಹ್ಯಾಂಗಿದ್ಳು ಅಂತ ಕೇಳಿದ್ರು. ನಾ ಹೇಳಕೋಂತ ಕುಂತೆ."

ನನ್ನ ಆಯಿ ಅವನಿಗೆ ಅವ್ವ. ಇಷ್ಟು ದಿನ ಆ ಲೆಕ್ಕ ನನ್ನ ತಲೆಗೆ ಹೋಗಿರಲಿಲ್ಲ.

"ಆಕಿ ಕುರಿಗೆ ತಪ್ಪಲಾ ಹಾಕೂ ಮುಂದ ಬ್ಯಾನಿ ಸುರು ಆದುವಂತ," ಕಾಕಾ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ. "ಮನಿ ತನಕ ಬರಾಕ ಆಗಲಿಲ್ಲ. ನಾ ಹುಟ್ಟಿದ್ದು ಆ ದೊಡ್ಡ್ಯಾಗ, ಮರಿಗಳ ನಡಬರಕ."

"ಮತ್ತ ಇದನ್ನ ಕೋರ್ಟಿನ್ಯಾಗ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಮಾಡಗ್ಯಾಳ ಬಂತು. ದೊಡ್ಡಿಯ ಮುಂದೆ ಗಾಡಿ ನಿಲ್ಲಿಸಿ ಇಳಿದೆ. ಕೀಲಿ ತೆಗೆದು, ಎರಡೂ ಕದ ಗೋಡೆಗೆ ತಾಗುವಷ್ಟು ತೆರೆದಿಟ್ಟು, ಕಾಕಾನ ಕಡೆ ನೋಡದೆ ಮನೆಗೆ ನಡೆದೆ.